ಹಾಸಿಗೆಯೂ ಹತ್ತಿಯೂ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮಲ್ಲಿ ಯಾರಿಗೆ ತಿಳಿಯದು? ತಿಂಗಳ ಮೊದಲ ವಾರ ಸಂಬಳವನ್ನು ಎಣಿಸಿ, ಬಾಡಿಗೆಗಿಷ್ಟು, ಹಾಲಿಗಿಷ್ಟು, ಮಕ್ಕಳ ಶಾಲೆಗಿಷ್ಟು ಎಂದು ಹಂಚಿಡುವ ಗೃಹಸ್ಥನಿಗೆ ಇದಕ್ಕಿಂತ ಹಿರಿದಾದ ಅರ್ಥಶಾಸ್ತ್ರ ಬೇಕಿಲ್ಲ. ಅವನ ಮನೆಯ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ ಈ ಗಾದೆ ಮನೆಯ ಹೊಸ್ತಿಲು ದಾಟಿ ಸಂಸತ್ತಿನೊಳಗೂ ಹೋಗಿ ಕುಳಿತಿದೆ. ಶಾಲೆಯ ಮಕ್ಕಳಿಗೆ ಊಟ, ಮುದುಕರಿಗೆ ಪಿಂಚಣಿ, ಕೆಲಸವಿಲ್ಲದವನಿಗೆ ಕೆಲಸ ಎಂಬ ಮಾತು ಬಂದಾಗಲೆಲ್ಲ ಅರ್ಥಸಚಿವರ ಭಾಷಣದಲ್ಲೂ ಪತ್ರಿಕೆಗಳ ಅಗ್ರಲೇಖನದಲ್ಲೂ ಏಳುವುದು ಒಂದೇ ಪ್ರಶ್ನೆ: ಹಣ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ತೋಚದೆ ಎಷ್ಟೋ ಒಳ್ಳೆಯ ಯೋಜನೆಗಳು ಬಂದ ದಾರಿಯಲ್ಲೇ ಹಿಂದಿರುಗಿವೆ.

ಆ ಪ್ರಶ್ನೆಯೇ ತಪ್ಪು ಎಂದು ಸಾರುವ ಗ್ರಂಥವೊಂದು ೨೦೨೦ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ‘ದಿ ಡೆಫಿಸಿಟ್ ಮಿತ್’ ಅದರ ಹೆಸರು. ಕೊರತೆಯೆಂಬ ಮಿಥ್ಯೆ ಎಂದು ನಾವು ಹೇಳಿಕೊಳ್ಳಬಹುದು. ಬರೆದವರು ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದ ಅಧ್ಯಾಪಕಿ ಸ್ಟೆಫನಿ ಕೆಲ್ಟನ್. ಅವರು ಸೆನೆಟ್ಟಿನ ಆಯವ್ಯಯ ಸಮಿತಿಯಲ್ಲಿ ಡೆಮಾಕ್ರಾಟ್ ಪಕ್ಷದ ಮುಖ್ಯ ಅರ್ಥಶಾಸ್ತ್ರಜ್ಞೆಯಾಗಿ ದುಡಿದವರು. ಬರ್ನಿ ಸ್ಯಾಂಡರ್ಸ್ ಅವರಿಗೆ ಸಲಹೆಗಾರರಾಗಿದ್ದವರು. ಅರ್ಥಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಇದು ಅಂಕಿಅಂಶಗಳ ಪುಸ್ತಕವಲ್ಲ. ಒಂದು ಹಳೆಯ ಉಪಮೆಯನ್ನು ಸಿಂಹಾಸನದಿಂದ ಇಳಿಸಿ ಹೊಸದೊಂದನ್ನು ಕೂರಿಸುವ ಪ್ರಯತ್ನ. ಇಳಿಸಿದ್ದು ಸರಿಯೇ, ಕೂರಿಸಿದ್ದು ಆ ಸ್ಥಾನಕ್ಕೆ ತಕ್ಕುದೇ ಎಂದು ನೋಡುವುದು ವಿಮರ್ಶೆಗೆ ಸೇರಿದ ಕೆಲಸವೇ. ಆ ತೀರ್ಮಾನದ ಮೇಲೆ ಬಡವರ ಅನ್ನವೂ ನಿಂತಿರುವುದರಿಂದ ಅದು ಕೇವಲ ರಸಿಕರ ಚರ್ಚೆಯೂ ಅಲ್ಲ.

ಲೇಖಕಿಯ ವಾದವನ್ನು ಮೊದಲು ಅವರ ಕಡೆಯಿಂದಲೇ ನೋಡೋಣ. ಸರ್ಕಾರ ಮೊದಲು ತೆರಿಗೆ ಎತ್ತುತ್ತದೆ, ಸಾಲದಿದ್ದರೆ ಸಾಲ ಮಾಡುತ್ತದೆ, ಆಮೇಲೆ ವೆಚ್ಚ ಮಾಡುತ್ತದೆ ಎಂಬುದು ರೂಢಿಯ ನಂಬಿಕೆ. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ೧೯೮೩ರಲ್ಲಿ ತಮ್ಮ ಪಕ್ಷದ ಅಧಿವೇಶನದಲ್ಲಿ ಇದನ್ನೇ ಹೇಳಿದರು: ಜನ ದುಡಿದ ಹಣವಲ್ಲದೆ ಸರ್ಕಾರಕ್ಕೆ ಬೇರೆ ಹಣವೇ ಇಲ್ಲ. ಕೆಲ್ಟನ್ ಈ ಸಾಲನ್ನು ತಲೆಕೆಳಗು ಮಾಡುತ್ತಾರೆ. ಡಾಲರನ್ನು ಹುಟ್ಟಿಸುವುದು ಅಮೆರಿಕದ ಸರ್ಕಾರವೇ ಆದ್ದರಿಂದ ಅದು ಮೊದಲು ವೆಚ್ಚ ಮಾಡಲೇಬೇಕು; ವೆಚ್ಚವಾಗಿ ಹೊರಗೆ ಹೋದ ಡಾಲರುಗಳೇ ತೆರಿಗೆಯಾಗಿಯೂ ಸಾಲವಾಗಿಯೂ ಹಿಂದಿರುಗುತ್ತವೆ. ಹುಟ್ಟಿಸುವವನಿಗೆ ತನ್ನ ನಾಣ್ಯ ಮುಗಿಯಿತೆಂಬ ಭಯ ಇರಲಾರದು.

ಹಾಗಾದರೆ ತೆರಿಗೆ ಏಕೆ? ಇದಕ್ಕೆ ಲೇಖಕಿ ವಾರನ್ ಮಾಸ್ಲರ್ ಎಂಬ ವ್ಯಾಪಾರಗಾರನ ಕಥೆಯನ್ನು ಹೇಳುತ್ತಾರೆ. ಮನೆಗೆಲಸ ಮಾಡಿದರೆ ನನ್ನ ಹೆಸರಿನ ಕಾರ್ಡುಗಳನ್ನು ಕೊಡುತ್ತೇನೆ ಎಂದು ಆತ ಮಕ್ಕಳಿಗೆ ಹೇಳಿದ. ಮಕ್ಕಳು ಅಲುಗಲಿಲ್ಲ, ಆ ಕಾಗದದ ತುಂಡು ಯಾರಿಗೆ ಬೇಕು? ತಿಂಗಳಿಗೆ ೩೦ ಕಾರ್ಡು ನನಗೆ ಒಪ್ಪಿಸದಿದ್ದರೆ ಟಿವಿಯೂ ಇಲ್ಲ, ಈಜುಕೊಳವೂ ಇಲ್ಲ ಎಂದು ಆಮೇಲೆ ಹೇಳಿದ. ಪಾತ್ರೆಗಳು ತೊಳೆದುವು, ಹಾಸಿಗೆಗಳು ಮಡಿಸಿದುವು. ಅಪ್ಪನಿಗೆ ಕಾರ್ಡಿನ ಅಗತ್ಯವಿತ್ತೆ? ಬೇಕಾದಷ್ಟು ಅಚ್ಚು ಹಾಕಿಸಬಲ್ಲ. ಅವನಿಗೆ ಬೇಕಾಗಿದ್ದುದು ಮಕ್ಕಳ ದುಡಿಮೆ. ತೆರಿಗೆಯೂ ಹಾಗೆಯೇ: ಅದು ಬೊಕ್ಕಸ ತುಂಬುವುದಕ್ಕಲ್ಲ, ಕಾಗದಕ್ಕೆ ಬೆಲೆ ತರುವುದಕ್ಕೆ.

ಈ ವಿಚಾರಕ್ಕೆ ವಂಶಾವಳಿ ಇದೆ. ನಾಣ್ಯವು ರಾಜ್ಯಶಾಸನದ ಕೂಸು ಎಂದು ಜರ್ಮನಿಯ ಕ್ನಾಪ್ ೧೯೦೫ರಲ್ಲೇ ಗ್ರಂಥ ಬರೆದ. ಸರ್ಕಾರದ ಆಯವ್ಯಯ ಸರಿದೂಗಿತೇ ಎಂದು ಕೇಳಬೇಡಿ, ಜನರಿಗೆ ಕೆಲಸವಿದೆಯೇ, ಬೆಲೆಗಳು ನಿಂತಿವೆಯೇ ಎಂದು ಕೇಳಿ ಎಂದು ಅಬ್ಬಾ ಲರ್ನರ್ ೧೯೪೩ರಲ್ಲಿ ವಾದಿಸಿದ. ಕೆಲ್ಟನ್ನರ ಹಿರಿಮೆ ಹೊಸದನ್ನು ಕಂಡುಹಿಡಿದುದರಲ್ಲಿಲ್ಲ; ಪಂಡಿತರ ಅಟ್ಟದ ಮೇಲಿದ್ದುದನ್ನು ಸಾಮಾನ್ಯರ ಜಗುಲಿಗೆ ಇಳಿಸಿದುದರಲ್ಲಿದೆ. ಭಾಷೆ ತಿಳಿ, ಹಾಸ್ಯ ಹಿತಮಿತ. ಸೆನೆಟ್ಟಿನ ಸಹೋದ್ಯೋಗಿಗಳ ಎದುರಿಗೆ ಅವರು ಒಂದು ಆಟ ಹೂಡುತ್ತಿದ್ದರಂತೆ. ನಿಮ್ಮ ಕೈಯಲ್ಲೊಂದು ಮಂತ್ರದಂಡವಿದ್ದರೆ ರಾಷ್ಟ್ರದ ಸಾಲವನ್ನೆಲ್ಲ ಅಳಿಸುತ್ತೀರಾ? ಎಲ್ಲರೂ ಹೌದೆನ್ನುವರು. ಅದೇ ದಂಡದಿಂದ ಜಗತ್ತಿನಲ್ಲಿರುವ ಅಮೆರಿಕದ ಸರ್ಕಾರಿ ಪತ್ರಗಳನ್ನೆಲ್ಲ ಇಲ್ಲವಾಗಿಸುತ್ತೀರಾ? ಎಲ್ಲರೂ ತಡವರಿಸುವರು. ಎರಡೂ ಒಂದೇ ವಸ್ತು. ಸರ್ಕಾರದ ಪುಸ್ತಕದಲ್ಲಿ ಸಾಲ, ಜನರ ಪೆಟ್ಟಿಗೆಯಲ್ಲಿ ಉಳಿತಾಯ. ಹೆಸರು ಬದಲಾದರೆ ಭಯವೂ ಬದಲಾಗುತ್ತದೆಂಬುದನ್ನು ಇಷ್ಟು ಸೊಗಸಾಗಿ ತೋರಿಸಿದವರು ವಿರಳ.

ಇನ್ನೊಂದು ಅಧ್ಯಾಯದಲ್ಲಿ ಕೊರತೆ ಎಂಬ ಶಬ್ದವನ್ನೇ ಅವರು ಎದುರಾಳಿಯ ಕೈಯಿಂದ ಕಿತ್ತುಕೊಳ್ಳುತ್ತಾರೆ. ನಿಜವಾದ ಕೊರತೆ ಆಯವ್ಯಯದ್ದಲ್ಲ. ಒಳ್ಳೆಯ ಉದ್ಯೋಗದ ಕೊರತೆ, ಆರೋಗ್ಯದ ಕೊರತೆ, ವಿದ್ಯೆಯ ಕೊರತೆ, ರಸ್ತೆ ಸೇತುವೆಗಳ ಕೊರತೆ, ಕೊನೆಗೆ ಪ್ರಜಾಪ್ರಭುತ್ವದ ಕೊರತೆ. ಇದು ಬರಿಯ ಮಾತಿನ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಪುಸ್ತಕ ಹೊರಬಂದ ಮರುವರ್ಷವೇ ಅದಕ್ಕೊಂದು ಸಾಕ್ಷಿ ದೊರೆಯಿತು. ೨೦೨೧ರ ಜುಲೈನಿಂದ ಡಿಸೆಂಬರಿನವರೆಗೆ ಅಮೆರಿಕದ ಸರ್ಕಾರ ಬಹುಪಾಲು ಕುಟುಂಬಗಳಿಗೆ ಪ್ರತಿ ಮಗುವಿನ ಲೆಕ್ಕದಲ್ಲಿ ತಿಂಗಳಿಗೆ ೨೫೦ರಿಂದ ೩೦೦ ಡಾಲರುಗಳವರೆಗೆ ಕಳುಹಿಸಿತು. ಸರ್ಕಾರದ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯ ಪ್ರಕಾರ ಆ ವರ್ಷ ಬಡತನದಲ್ಲಿದ್ದ ಮಕ್ಕಳ ಪ್ರಮಾಣ ನೂರಕ್ಕೆ ೫.೨ಕ್ಕೆ ಇಳಿಯಿತು. ನೆರವು ನಿಂತಿತು; ೨೦೨೨ರಲ್ಲಿ ಅದು ನೂರಕ್ಕೆ ೧೨.೪ಕ್ಕೆ ಏರಿತು. ಹಣವಿಲ್ಲವೆಂದು ದಶಕಗಳ ಕಾಲ ಹೇಳಿದ್ದ ದೇಶ ಆರು ತಿಂಗಳ ಮಟ್ಟಿಗೆ ಮನಸ್ಸು ಮಾಡಿತು, ಮತ್ತೆ ಮನಸ್ಸು ಬದಲಿಸಿತು. ಬೊಕ್ಕಸದ ಶಕ್ತಿ ಎರಡು ವರ್ಷಗಳಲ್ಲೂ ಒಂದೇ ಆಗಿತ್ತು.

ಹೀಗೆ ಹಳೆಯ ಉಪಮೆ ಮುರಿಯಿತು. ನಾಣ್ಯ ಹುಟ್ಟಿಸುವ ಸರ್ಕಾರ ಗೃಹಸ್ಥನಲ್ಲ. ಗೃಹಸ್ಥ ಹಾಸಿಗೆಯ ಮೇಲೆ ಮಲಗುವವನು, ಸರ್ಕಾರ ಹಾಸಿಗೆ ಹೊಲಿಯುವವನು. ಹೊಲಿಯಬಲ್ಲವನು ಮೊಣಕಾಲು ಮಡಿಸಿ ನಡುಗುತ್ತ ಮಲಗಿದರೆ ಅದು ಮಿತವ್ಯಯವಲ್ಲ, ಮೌಢ್ಯ. ಇಲ್ಲಿಯವರೆಗೆ ಲೇಖಕಿಯೊಡನೆ ನಮಗೆ ಜಗಳವಿಲ್ಲ.

ಜಗಳ ಹುಟ್ಟುವುದು ಅವರು ಕೂರಿಸುವ ಹೊಸ ಉಪಮೆಯ ಹತ್ತಿರ. ಸರ್ಕಾರ ಎಂದರೆ ಆಟದ ಮೈದಾನದಲ್ಲಿ ಅಂಕ ಬರೆಯುವವನು ಎನ್ನುತ್ತಾರೆ ಅವರು. ತಂಡಕ್ಕೆ ಅಂಕ ಬಂದಾಗ ಫಲಕದ ಮೇಲೆ ಏರಿಸುತ್ತಾನೆ; ಅವನ ಚೀಲದಲ್ಲಿ ಅಂಕಗಳು ಮುಗಿದುಹೋದವೆಂದು ಯಾರೂ ಹೇಳರು. ಉಪಮೆ ಚುರುಕಾಗಿದೆ, ಆದರೆ ಒಂದು ಮುಖ್ಯ ವಿಷಯವನ್ನು ಮರೆಸುತ್ತದೆ. ಫಲಕದ ಮೇಲಿನ ಅಂಕವನ್ನು ಹಿಡಿದು ಅಂಗಡಿಗೆ ಹೋಗಿ ಯಾರೂ ಜೋಳ ಕೇಳುವುದಿಲ್ಲ. ರೂಪಾಯಿ ಹಿಡಿದವನು ಕೇಳುತ್ತಾನೆ. ಅಂಗಡಿಯಲ್ಲಿ ಜೋಳ ಇದ್ದರೆ ಸರಿ. ಇಲ್ಲದಿದ್ದರೆ ಬೆಲೆ ಏರುತ್ತದೆ, ಮತ್ತು ಏರಿದ ಬೆಲೆಗೆ ಕೊಳ್ಳಲಾರದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಹಾಸಿಗೆ ಹೊಲಿಯುವವನಿಗೂ ಹತ್ತಿ ಬೇಕು.

ಲೇಖಕಿಗೆ ಇದು ತಿಳಿಯದೆಂದು ಹೇಳಿದರೆ ಅನ್ಯಾಯವಾದೀತು. ಹಣದುಬ್ಬರಕ್ಕೆಂದೇ ಅವರು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ವೆಚ್ಚದ ನಿಜವಾದ ಮಿತಿ ಹಣವಲ್ಲ, ದೇಶದ ಆಳು, ಯಂತ್ರ, ಸಾಮಗ್ರಿಗಳು ಎಂದು ಸ್ಪಷ್ಟವಾಗಿ ಒಪ್ಪಿದ್ದಾರೆ. ಆದರೆ ಅವರ ಕಣ್ಣ ಮುಂದಿರುವುದು ಮುಚ್ಚಿದ ಕಾರ್ಖಾನೆ, ಕೆಲಸವಿಲ್ಲದೆ ನಿಂತ ನಿಪುಣ ಕಾರ್ಮಿಕ. ಅಲ್ಲಿ ಡಾಲರು ಹರಿದರೆ ಯಂತ್ರ ತಿರುಗುತ್ತದೆ. ಅಮೆರಿಕದಲ್ಲಿಯೂ ಈ ಮಿತಿ ಬಹುಬೇಗ ಎದುರಾಯಿತು. ೨೦೨೦ರ ಮಾರ್ಚಿಯಲ್ಲಿ ೨ ಲಕ್ಷ ಕೋಟಿ ಡಾಲರಿಗೂ ಮಿಗಿಲಾದ, ೨೦೨೧ರ ಮಾರ್ಚಿಯಲ್ಲಿ ೧ ಲಕ್ಷ ೯೦ ಸಾವಿರ ಕೋಟಿ ಡಾಲರಿನ ನೆರವನ್ನು ಮಂಜೂರು ಮಾಡಿದ ದೇಶದಲ್ಲಿ ೨೦೨೨ರ ಜೂನ್ ಹೊತ್ತಿಗೆ ಬೆಲೆಗಳು ವರ್ಷಕ್ಕೆ ನೂರಕ್ಕೆ ೯.೧ರಂತೆ ಏರುತ್ತಿದ್ದವು. ಬಂದರುಗಳಲ್ಲಿ ಸಿಕ್ಕಿಬಿದ್ದ ಸರಕು, ಉಕ್ರೇನಿನ ಯುದ್ಧ, ಜನರ ಕೈಯಲ್ಲಿದ್ದ ಹಣ ಎಲ್ಲವೂ ಇದರಲ್ಲಿ ಪಾಲುಗಾರರು. ಯಾರ ಪಾಲೆಷ್ಟೆಂದು ಪಂಡಿತರು ಇನ್ನೂ ಕಾದಾಡುತ್ತಾರೆ. ಹತ್ತಿಯ ಪ್ರಶ್ನೆ ಶ್ರೀಮಂತ ದೇಶವನ್ನೂ ಬಿಡುವುದಿಲ್ಲವೆಂಬಷ್ಟು ಮಾತ್ರ ಇದರಿಂದ ಖಚಿತ.

ಈ ಪ್ರಶ್ನೆಯನ್ನು ನಮ್ಮವರು ಎಪ್ಪತ್ತು ವರ್ಷಗಳ ಹಿಂದೆಯೇ ಎದುರಿಸಿದ್ದರು. ಕೆಲ್ಟನ್ನರ ಗ್ರಂಥವನ್ನು ನಾವು ಓದಬೇಕಾದುದು ಆ ನೆನಪಿನ ಬೆಳಕಿನಲ್ಲಿ. ಕೇಂಬ್ರಿಜಿನಲ್ಲಿ ಓದಿ ಬಂದ ಡಾ. ವಿ. ಕೆ. ಆರ್. ವಿ. ರಾವ್ ೧೯೫೨ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು, ೧೯೭೨ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಎಂದರೆ ಓದುಗರಿಗೆ ಅವರ ಗುರುತು ಸಿಕ್ಕೀತು. ಕೇನ್ಸ್ ಹೇಳಿದ ಮದ್ದು ಹಿಂದುಳಿದ ದೇಶಕ್ಕೆ ಹಾಗೆಯೇ ಒಗ್ಗದು ಎಂಬುದು ಅವರ ಪ್ರಬಂಧದ ಸಾರ. ಇಂಗ್ಲೆಂಡಿನಲ್ಲಿ ಸರ್ಕಾರ ವೆಚ್ಚ ಮಾಡಿದರೆ ಸುಮ್ಮನಿದ್ದ ಕಾರ್ಖಾನೆಗಳು ಎಚ್ಚರಗೊಂಡು ಸರಕು ಹೆಚ್ಚುತ್ತದೆ. ಇಲ್ಲಿ ಕೆರೆ ತೋಡಿ ಕೂಲಿ ಪಡೆದವನು ಮೊದಲು ಕೊಳ್ಳುವುದು ಅನ್ನವನ್ನು. ಅನ್ನವಾದರೋ ಮಳೆ ಬಂದಷ್ಟು, ನೆಲ ಕೊಟ್ಟಷ್ಟು; ರೂಪಾಯಿ ಹೆಚ್ಚಿತೆಂದು ಮುಂಗಾರು ಹೆಚ್ಚು ಸುರಿಯುವುದಿಲ್ಲ. ಆದ್ದರಿಂದ ಆದಾಯ ಹೆಚ್ಚುವುದು ರೂಪಾಯಿಯ ಲೆಕ್ಕದಲ್ಲಿ. ಧಾನ್ಯದ ಲೆಕ್ಕದಲ್ಲಿ ಅದು ಇದ್ದಲ್ಲೇ ಇರುತ್ತದೆ.

ಮೂರು ವರ್ಷಗಳಾದ ಮೇಲೆ ಇನ್ನೊಂದು ದನಿ ಎದ್ದಿತು. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಸರ್ಕಾರದ ಒಟ್ಟು ವೆಚ್ಚ ೪,೮೦೦ ಕೋಟಿ ರೂಪಾಯಿ. ಅದರಲ್ಲಿ ೧,೨೦೦ ಕೋಟಿಯನ್ನು ಕೊರತೆ ಹಣಕಾಸಿನಿಂದ, ಬಿಚ್ಚಿ ಹೇಳುವುದಾದರೆ ಹೊಸ ಹಣದಿಂದ, ಒದಗಿಸುವ ಉದ್ದೇಶ. ಸಲಹೆಗೆಂದು ನೇಮಿಸಿದ ಅರ್ಥಶಾಸ್ತ್ರಜ್ಞರ ಮಂಡಲಿ ಇದಕ್ಕೆ ಒಪ್ಪಿತು, ಒಬ್ಬರ ಹೊರತು. ಆ ಒಬ್ಬರು ಮಂಗಳೂರಿನ ಕಡೆಯ ಬೆಳ್ಳಿಕೋತಿನವರಾದ ಪ್ರೊ. ಬಿ. ಆರ್. ಶೆಣೈ. ಇರುವ ಸಾಮಗ್ರಿಯನ್ನು ಮೀರಿ ಹಣ ಸುರಿದರೆ ಬೆಲೆಗಳು ಹಿಡಿತ ತಪ್ಪುತ್ತವೆಂದು ೧೯೫೫ರಲ್ಲಿ ಭಿನ್ನಮತದ ಟಿಪ್ಪಣಿ ಬರೆದರು. ಯೋಜನೆ ಮೊದಲಾದ ೧೯೫೬ರಲ್ಲೇ ಅಮೆರಿಕದಿಂದ ಧಾನ್ಯ ತರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಬೆಲೆಗಳು ಏರಿದವು. ಯಂತ್ರಗಳ ಆಮದಿನಿಂದ ವಿದೇಶಿ ವಿನಿಮಯ ಕರಗಿ, ೧೯೫೮ರಲ್ಲಿ ಯೋಜನೆಯನ್ನು ೪,೫೦೦ ಕೋಟಿಗೆ ಇಳಿಸಬೇಕಾಯಿತು.

ಇಲ್ಲಿ ಗಮನಿಸಬೇಕಾದುದು ಬೆಲೆ ಏರಿತೆಂಬುದಕ್ಕಿಂತ ಅದನ್ನು ತೆತ್ತವರು ಯಾರೆಂಬುದು. ಹೊಲವುಳ್ಳವನು ಧಾನ್ಯವನ್ನು ಒಂದಕ್ಕೆ ಒಂದೂವರೆಯಾಗಿ ಮಾರಿಕೊಂಡಾನು. ವರ್ತಕ ದಾಸ್ತಾನು ಮಾಡಿಯಾನು. ನಗರದ ನೌಕರ ತುಟ್ಟಿಭತ್ಯೆ ಕೇಳಿಯಾನು. ಭೂಮಿಯಿಲ್ಲದ ಕೂಲಿಕಾರನಿಗೂ, ಮಗ್ಗದ ಮುಂದೆ ಕುಳಿತ ನೇಕಾರನಿಗೂ, ಕೂಡಿಟ್ಟ ನಾಲ್ಕು ಕಾಸಿನಲ್ಲಿ ಬದುಕುವ ವಿಧವೆಗೂ ಇಂಥ ಯಾವ ಆಸರೆಯೂ ಇಲ್ಲ. ಬೆಲೆಯೇರಿಕೆ ಎಂಬುದು ಯಾವ ಶಾಸನಸಭೆಯೂ ಅಂಗೀಕರಿಸದ ತೆರಿಗೆ. ಅದನ್ನು ಬಡವರು ಹೆಚ್ಚು ದರದಲ್ಲಿ ತೆರುತ್ತಾರೆ. ಸಮಾನತೆಗೆಂದು ಹೊರಟ ವೆಚ್ಚ ಹೀಗೆ ಅಸಮಾನತೆಯನ್ನು ಬೆಳೆಸಿ ಹಿಂದಿರುಗಬಲ್ಲದು. ಅಂಕಫಲಕದ ಉಪಮೆಯಲ್ಲಿ ಕಾಣಿಸದಿರುವುದು ಈ ಸಂಕಟವೇ.

ಹಾಗೆಂದು ಶೆಣೈಯವರ ಎಚ್ಚರಿಕೆಯನ್ನೇ ಹಿಡಿದು, ಬಡವರಿಗೆಂದು ಮಾಡುವ ವೆಚ್ಚವೆಲ್ಲ ಅಪಾಯವೆಂದು ತೀರ್ಪು ಕೊಡುವವರಿಗೆ ೨೦೦೧ರ ಕಥೆಯನ್ನು ನೆನಪಿಸಬೇಕು. ರಾಜಸ್ಥಾನದಲ್ಲಿ ಬರ ಬಿದ್ದಿತ್ತು, ಜನ ಹಸಿದಿದ್ದರು. ಅದೇ ವರ್ಷದ ಜುಲೈ ಹೊತ್ತಿಗೆ ಭಾರತ ಆಹಾರ ನಿಗಮದ ಉಗ್ರಾಣಗಳಲ್ಲಿ ಸುಮಾರು ೬ ಕೋಟಿ ಟನ್ ಅಕ್ಕಿ ಗೋಧಿ ಇತ್ತು, ಆಪತ್ತಿಗೆಂದು ಇಟ್ಟುಕೊಳ್ಳಬೇಕಾದುದರ ಎರಡು ಪಟ್ಟಿಗೂ ಹೆಚ್ಚು. ಆಗಲೂ ಕೇಳಿಬಂದ ಉತ್ತರ ಅದೇ, ಹಣವಿಲ್ಲ. ಧಾನ್ಯ ಇದೆ, ಹೊರುವ ಆಳಿದ್ದಾನೆ, ಉಣ್ಣುವ ಬಾಯಿ ಇದೆ. ಇಲ್ಲದ್ದು ಪುಸ್ತಕದ ಲೆಕ್ಕದ ಒಂದು ಸಾಲು ಮಾತ್ರ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಿ ಎಂದು ನ್ಯಾಯಾಲಯ ಆ ನವೆಂಬರಿನಲ್ಲಿ ಆಜ್ಞೆ ಮಾಡಿತು. ಮರುವರ್ಷ ನಮ್ಮ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಆಕಾಶ ಕಳಚಿ ಬೀಳಲಿಲ್ಲ.

೧೯೫೭ರ ಸುಮಾರಿನ ಭಾರತ, ೨೦೦೧ರ ಭಾರತ: ದೇಶ ಒಂದೇ, ಪ್ರಶ್ನೆಯೂ ಒಂದೇ, ಉತ್ತರ ಬೇರೆ ಬೇರೆ. ಮೊದಲನೆಯ ಸಂದರ್ಭದಲ್ಲಿ ಹತ್ತಿ ಇರಲಿಲ್ಲ. ಹಾಸಿಗೆ ದೊಡ್ಡದಾಯಿತೆಂದು ಹೇಳಿದರೂ ಒಳಗೆ ತುಂಬಿದ್ದು ಗಾಳಿ. ಎರಡನೆಯ ಸಂದರ್ಭದಲ್ಲಿ ಹತ್ತಿಯ ಅಂಡಿಗೆಗಳು ಮಳೆಯಲ್ಲಿ ನೆನೆಯುತ್ತಿದ್ದರೂ ಹೊಲಿಯುವವನು ಕೈಕಟ್ಟಿ ಕುಳಿತಿದ್ದ. ಶೆಣೈಯವರ ಸೂತ್ರವೊಂದನ್ನೇ ಹಿಡಿದವರು ಎರಡನೆಯದನ್ನು ಕಾಣರು. ಕೆಲ್ಟನ್ನರ ಉಪಮೆಯೊಂದನ್ನೇ ಹಿಡಿದವರು ಮೊದಲನೆಯದನ್ನು ಕಾಣರು. ಸಮಾಜಹಿತದ ಯೋಜನೆಯೊಂದು ಎದುರಿಗೆ ಬಂದಾಗ ಖಜಾನೆಯ ಅಧಿಕಾರಿಯನ್ನು ಕೇಳುವ ಮೊದಲು ಉಗ್ರಾಣದವನನ್ನು ಕೇಳಬೇಕು. ಆಮೇಲೆ ವೈದ್ಯರೆಷ್ಟು, ಉಪಾಧ್ಯಾಯರೆಷ್ಟು, ಇಟ್ಟಿಗೆ ಸಿಮೆಂಟು ಎಷ್ಟು, ಹೊರದೇಶದಿಂದ ತರಬೇಕಾದ ಎಣ್ಣೆ ಎಷ್ಟು ಎಂದು ಕೇಳಬೇಕು. ಎಣ್ಣೆಯ ಮಾತಿನಲ್ಲಿ ನಮ್ಮ ರೂಪಾಯಿಯ ದೊರೆತನ ಗಡಿಯಲ್ಲೇ ಮುಗಿಯುತ್ತದೆ. ಆಹಾರ, ಇಂಧನ, ಔಷಧಗಳಿಗೆ ಹೊರಗಿನವರನ್ನು ನಂಬಿರುವ ದೇಶಗಳಿಗೆ ನಾಣ್ಯದ ಸ್ವಾತಂತ್ರ್ಯ ಪೂರ್ಣವಾಗಿರದೆಂದು ಲೇಖಕಿಯೂ ಐದನೆಯ ಅಧ್ಯಾಯದಲ್ಲಿ ಒಪ್ಪುತ್ತಾರೆ. ನಮ್ಮಂಥ ಓದುಗರ ಪಾಲಿಗೆ ಅದೇ ಮೊದಲನೆಯ ಅಧ್ಯಾಯವಾಗಬೇಕಿತ್ತು.

ಇಲ್ಲಿಂದ ಸಿರಿವಂತರ ತೆರಿಗೆಯ ಪ್ರಶ್ನೆಗೆ ಬರೋಣ. ಕೋಟ್ಯಧೀಶರ ಹಣಕ್ಕಾಗಿ ಕಾದು ಕುಳಿತು ಬಡಮಕ್ಕಳನ್ನು ಉಪವಾಸ ಕೆಡವಬೇಕಾಗಿಲ್ಲ ಎಂಬುದು ಕೆಲ್ಟನ್ನರ ನಿಲುವು. ಸಿರಿಯ ಗುಡ್ಡೆ ಪ್ರಜಾಪ್ರಭುತ್ವವನ್ನು ಕೆಡಿಸುತ್ತದೆಂಬ ಕಾರಣಕ್ಕೆ ತೆರಿಗೆ ಹಾಕಿರಿ, ಅವರ ಹಣ ಬೇಕೆಂದಲ್ಲ. ನಿಲುವು ಧೀರವಾದುದು. ಆದರೆ ಹತ್ತಿಯ ಲೆಕ್ಕದಲ್ಲಿ ಇದನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಸಿರಿವಂತನೊಬ್ಬನಿಂದ ೧ ಕೋಟಿ ರೂಪಾಯಿ ತೆರಿಗೆ ವಸೂಲು ಮಾಡಿದರೆ ಅವನು ಒಂದು ತುತ್ತನ್ನೂ ಕಡಿಮೆ ಉಣ್ಣುವುದಿಲ್ಲ. ಆದ್ದರಿಂದ ಆ ತೆರಿಗೆಯಿಂದ ಒಂದು ಸೇರು ಅಕ್ಕಿಯೂ ಬಿಡುಗಡೆಯಾಗುವುದಿಲ್ಲ. ಅವನು ಕಟ್ಟಿಸಬೇಕೆಂದಿದ್ದ ಮೂರನೆಯ ಮನೆ ನಿಂತರೆ ಮಾತ್ರ ಇಟ್ಟಿಗೆ, ಕಬ್ಬಿಣ, ಗಾರೆ ಕೆಲಸದವರು ಆಸ್ಪತ್ರೆಗೂ ಶಾಲೆಗೂ ದೊರೆಯುತ್ತಾರೆ. ಅವನ ಕಾರಿನ ಎಣ್ಣೆ ಉಳಿದರೆ ಮಾತ್ರ ವಿನಿಮಯ ಉಳಿಯುತ್ತದೆ. ತೆರಿಗೆ ತಾಗಬೇಕಾದುದು ಅವನ ಬ್ಯಾಂಕಿನ ಪುಸ್ತಕಕ್ಕಿಂತ ಅವನ ಭೋಗವನ್ನು.

ಕೇಂಬ್ರಿಜಿನ ನಿಕೊಲಸ್ ಕಾಲ್ಡರ್ ೧೯೫೬ರಲ್ಲಿ ಭಾರತದ ತೆರಿಗೆಯ ಸುಧಾರಣೆಗೆ ವರದಿ ಕೊಟ್ಟಾಗ ಸಂಪತ್ತಿನ ತೆರಿಗೆಯ ಜೊತೆಗೆ ವೆಚ್ಚದ ಮೇಲೂ ತೆರಿಗೆ ಹಾಕಲು ಸೂಚಿಸಿದ್ದುದು ಈ ವಿವೇಕದಿಂದಲೇ. ೧೯೫೭ರಲ್ಲಿ ಎರಡೂ ಶಾಸನಗಳಾದವು. ವೆಚ್ಚ ತೆರಿಗೆ ೧೯೬೨ರಲ್ಲಿ ಹೋಗಿ, ೧೯೬೪ರಲ್ಲಿ ಮರಳಿ, ೧೯೬೬ರಲ್ಲಿ ಮತ್ತೆ ಹೋಯಿತು. ೧೯೫೩ರಲ್ಲಿ ಬಂದಿದ್ದ ಉತ್ತರಾಧಿಕಾರದ ಆಸ್ತಿ ತೆರಿಗೆ ೧೯೮೫ರಲ್ಲಿ ರದ್ದಾಯಿತು. ಸಂಪತ್ತಿನ ತೆರಿಗೆಯನ್ನು ರದ್ದು ಮಾಡಿದ್ದು ೨೦೧೫ರ ಮುಂಗಡಪತ್ರ. ಒಂದು ಕಡೆ ಹಣವಿಲ್ಲವೆಂದು ಹೇಳುತ್ತ, ಇನ್ನೊಂದು ಕಡೆ ಭೋಗವನ್ನು ಹಿಡಿದು ನಿಲ್ಲಿಸಬಲ್ಲ ಸಾಧನಗಳನ್ನೆಲ್ಲ ಒಂದೊಂದಾಗಿ ಕೈಬಿಟ್ಟ ಈ ಕಥೆಯೇ ಸಾಕು, ಕೊರತೆ ಎಲ್ಲಿತ್ತೆಂದು ತಿಳಿಯಲು. ಪೂರ್ಣ ಉದ್ಯೋಗಕ್ಕೆ ಅಡ್ಡಿಯಾಗುವುದು ಹಣದ ಅಭಾವವಲ್ಲ, ಒಡೆಯರ ಅಸಮ್ಮತಿ ಎಂದು ಪೋಲೆಂಡಿನ ಕಲೆಟ್ಸ್ಕಿ ೧೯೪೩ರಲ್ಲೇ ಬರೆದಿದ್ದ. ಕೆಲ್ಟನ್ನರ ಪುಸ್ತಕದಲ್ಲಿ ಈ ಒಡೆಯರು ಬಹುಮಟ್ಟಿಗೆ ಮರೆಯಲ್ಲಿದ್ದಾರೆ; ಶಾಸಕರ ಅಜ್ಞಾನ ಹರಿದರೆ ಸಾಕು, ಬಾಗಿಲು ತೆರೆಯುತ್ತದೆಂಬ ಭರವಸೆ ಅಲ್ಲಿ ತುಸು ಹೆಚ್ಚೇ ಇದೆ.

ಇನ್ನೊಂದು ಎಚ್ಚರಿಕೆ ಕನ್ನಡ ಓದುಗರಿಗೆ ಅವಶ್ಯ. ಈ ಸಿದ್ಧಾಂತ ನಾಣ್ಯ ಹುಟ್ಟಿಸುವವರಿಗೆ ಮಾತ್ರ ಅನ್ವಯ. ೨೦೨೩ರಲ್ಲಿ ಕರ್ನಾಟಕ ಸರ್ಕಾರ ಐದು ಗ್ಯಾರಂಟಿ ಯೋಜನೆಗಳನ್ನು ಆರಂಭಿಸಿದಾಗ, ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ, ಮನೆಯೊಡತಿಗೆ ತಿಂಗಳಿಗೆ ೨,೦೦೦ ರೂಪಾಯಿ ಎಂದಾಗ, ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದುದು ಸಹಜ. ವಿಧಾನಸೌಧದಲ್ಲಿ ರೂಪಾಯಿ ಹುಟ್ಟುವುದಿಲ್ಲ. ಕೇಂದ್ರದ ಸಾಲ ಬಾಕಿ ಇರುವ ತನಕ, ಸಂವಿಧಾನದ ೨೯೩ನೆಯ ವಿಧಿಯಂತೆ, ಹೊಸ ಸಾಲಕ್ಕೂ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಈ ಅರ್ಥದಲ್ಲಿ ಗೃಹಸ್ಥನೇ. ಗಾದೆ ಬೆಂಗಳೂರಿಗೆ ಸಲ್ಲುತ್ತದೆ, ದಿಲ್ಲಿಗೆ ಸಲ್ಲುವುದಿಲ್ಲ. ಮಹಾರಾಷ್ಟ್ರವು ಬರಗಾಲದ ೧೯೭೦ರ ದಶಕದಲ್ಲಿ ಹಳ್ಳಿಗರಿಗೆ ಉದ್ಯೋಗದ ಭರವಸೆ ಕೊಟ್ಟಾಗ ನಗರದ ನೌಕರರ ಮೇಲೆ ವೃತ್ತಿ ತೆರಿಗೆ ಹಾಕಬೇಕಾದುದು ಇದೇ ಕಾರಣಕ್ಕೆ. ದಿಲ್ಲಿಯಾದರೋ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದೆ. ೧೯೫೫ರಿಂದ ಕೇಂದ್ರದ ಕೈಗೆ ಹಣ ಕಡಿಮೆ ಬಿದ್ದಾಗಲೆಲ್ಲ ರಿಸರ್ವ್ ಬ್ಯಾಂಕು ಖಜಾನೆ ಹುಂಡಿ ಪಡೆದು ತಾನಾಗಿ ತುಂಬುವ ಪದ್ಧತಿ ಇತ್ತು. ೧೯೯೭ರ ಏಪ್ರಿಲಿನಲ್ಲಿ ಅದು ನಿಂತಿತು. ೨೦೦೩ರ ಶಾಸನದಂತೆ, ೨೦೦೬ರ ಏಪ್ರಿಲಿನಿಂದ, ಸರ್ಕಾರದ ಹೊಸ ಸಾಲಪತ್ರಗಳನ್ನು ಬ್ಯಾಂಕು ನೇರವಾಗಿ ಕೊಳ್ಳುವುದಕ್ಕೂ, ಅಸಾಧಾರಣ ಸಂದರ್ಭಗಳ ಹೊರತು, ತಡೆ ಬಿದ್ದಿತು. ಈ ಗಂಟು ವಿವೇಕದ್ದೇ ಇರಬಹುದು. ಎಗ್ಗಿಲ್ಲದೆ ಹುಂಡಿ ಬರೆಯುವ ಕೈಗೆ ಕಟ್ಟು ಬೇಕಾದೀತು. ಆದರೆ ಅದು ಮನುಷ್ಯ ಹಾಕಿದ ಗಂಟು, ಪ್ರಕೃತಿಯ ನಿಯಮವಲ್ಲವೆಂದು ತಿಳಿದಿರುವುದು ಪ್ರಜೆಗೆ ಅಗತ್ಯ. ಈ ತಿಳಿವನ್ನು ಕೊಡುವುದರಲ್ಲಿ ಕೆಲ್ಟನ್ನರ ಗ್ರಂಥ ನಿಜವಾಗಿ ಉಪಕಾರಿ.

ಅವರ ಮುಖ್ಯ ಸಲಹೆ ದುಡಿಯಲು ಬಂದ ಪ್ರತಿಯೊಬ್ಬನಿಗೂ ಸರ್ಕಾರ ಗೊತ್ತಾದ ಕೂಲಿಗೆ ಕೆಲಸ ಕೊಡಬೇಕೆಂಬುದು. ಖಾಸಗಿಯವರು ಕೈಬಿಟ್ಟಾಗ ಈ ಕೆಲಸ ಹಿಗ್ಗುತ್ತದೆ, ಕರೆದಾಗ ಕುಗ್ಗುತ್ತದೆ. ಯಾರೂ ಕೊಳ್ಳದ ದುಡಿಮೆಯನ್ನೇ ಸರ್ಕಾರ ಕೊಳ್ಳುವುದರಿಂದ ಬೆಲೆಗಳ ಮೇಲಿನ ಒತ್ತಡವೂ ಕಡಿಮೆ. ಇದು ನಮಗೆ ಹೊಸತಲ್ಲ. ೨೦೦೫ರ ಶಾಸನದಲ್ಲಿ ಭಾರತವು ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ ೧೦೦ ದಿನಗಳ ಕೆಲಸದ ಹಕ್ಕನ್ನೂ ೧೫ ದಿನಗಳೊಳಗೆ ಕೂಲಿಯನ್ನೂ ಬರೆದುಕೊಟ್ಟಿತು. ಕೂಲಿ ತಡವಾಗಿ ಬಂದ ದೂರುಗಳಿಂದ ಆ ಶಾಸನದ ಇತಿಹಾಸ ತುಂಬಿದೆ. ತಡವಾದದ್ದು ಕಾಗದ ಮುಗಿದುದರಿಂದಲ್ಲ. ಯಾರ ಬೆವರಿಗೆ ಮೊದಲು ಬೆಲೆ ಕಟ್ಟಬೇಕೆಂಬ ತೀರ್ಮಾನದಿಂದ. ಆ ಕೂಲಿಕಾರರು ತೋಡಿದ ಕೆರೆ ಹೊಂಡಗಳಲ್ಲಿ ನೀರು ನಿಂತು ಇನ್ನೊಂದು ಬೆಳೆ ಬಂದರೆ ಡಾ. ರಾವ್ ಅವರ ಆಕ್ಷೇಪಕ್ಕೂ ಉತ್ತರ ಸಿಕ್ಕಂತೆ; ಹಾಸಿಗೆ ಹೊಲಿಯುವ ಕೂಲಿಯೇ ಹತ್ತಿಯನ್ನೂ ಬೆಳೆದಂತೆ. ಸಮಾನತೆಯ ಯೋಜನೆಗಳಲ್ಲಿ ಯಾವುದಕ್ಕೆ ಹೊಸ ಹಣ ಸಲ್ಲುತ್ತದೆ, ಯಾವುದಕ್ಕೆ ಮೊದಲು ಭೋಗವನ್ನು ಕಡಿಯಬೇಕು ಎಂಬ ವಿಂಗಡಣೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಒಟ್ಟಿನಲ್ಲಿ ‘ದಿ ಡೆಫಿಸಿಟ್ ಮಿತ್’ ಓದಬೇಕಾದ ಪುಸ್ತಕ. ಕೆಡಹುವ ಕೆಲಸವನ್ನು ಚೆನ್ನಾಗಿ ಮಾಡಿ, ಕಟ್ಟುವ ಕೆಲಸವನ್ನು ಅರ್ಧಕ್ಕೆ ಬಿಟ್ಟ ಪುಸ್ತಕ. ಕನ್ನಡಕ್ಕೆ ತರುವ ಸಾಹಸವನ್ನು ಯಾರಾದರೂ ಮಾಡುವುದಾದರೆ, ರಾವ್ ಅವರ ಪ್ರಬಂಧವನ್ನೂ ಶೆಣೈಯವರ ಟಿಪ್ಪಣಿಯನ್ನೂ ಅನುಬಂಧವಾಗಿ ಸೇರಿಸಲಿ ಎಂದು ಕೋರುತ್ತೇವೆ. ಮುಂದಿನ ಮುಂಗಡಪತ್ರದ ದಿನ ಹಣ ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಓದುಗರು ಸುಮ್ಮನಾಗಬೇಕಾಗಿಲ್ಲ. ಅಕ್ಕಿ ಇದೆಯೇ, ಆಳು ಇದ್ದಾರೆಯೇ, ಇಲ್ಲವಾದರೆ ಅದನ್ನು ಈಗ ಯಾರು ಬಳಸುತ್ತಿದ್ದಾರೆ ಎಂದು ಮರುಪ್ರಶ್ನೆ ಹಾಕಲಿ. ಉತ್ತರ ಕೊಡಬೇಕಾದ ಸರದಿ ಆಗ ಅರ್ಥಸಚಿವರದಾಗುತ್ತದೆ.